ಕಾಲು ಮುಂದಾಗಿ ಹುಟ್ಟಿದವಳು

ಇಸವಿ ಮೂವತ್ತೆಂಟರ ಸುಗ್ಗಿ ಮುಗಿದಿತ್ತು. ಕಿನ್ನಾಳದ ಮುದುಕಮ್ಮ ಹಿತ್ತಲಿನ ಬಣಿವೆಯಿಂದ ಎಮ್ಮೆಗೆ ಜೋಳದ ಕಣಿಕೆ ಹಿರಿಯುತ್ತಿದ್ದಳು. ಒಂದು ಹಿಡಿ ಒಳಗೆಲ್ಲೋ ಸಿಕ್ಕಿಕೊಂಡು ಬರಲೊಲ್ಲದು. ಮೈಭಾರವನ್ನೆಲ್ಲ ಬಿಟ್ಟು ಜಗ್ಗಿದಾಗ ಅದು ಒಮ್ಮೆಲೇ ಕಿತ್ತು ಬಂತು. ಹಿಂದಕ್ಕೆ ಬಿದ್ದ ರಭಸಕ್ಕೆ, ದನ ನೀರು ಕುಡಿಯುವ ಕಲ್ಲಿನ ಬಾನಿಯ ಅಂಚು ಆಕೆಯ ಸೊಂಟಕ್ಕೆ ಬಡಿಯಿತು.

ಒಳಗೆ ರೊಟ್ಟಿ ತಟ್ಟುತ್ತಿದ್ದ ಸೊಸೆ ಹುಲಿಗವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಮದುವೆಯಾಗಿ ಈ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಗಂಡ ಗ್ಯಾನಪ್ಪ ಚಿತ್ರಗಾರರ ಬಣ್ಣದ ಗೊಂಬೆಗಳನ್ನು ಗಾಡಿಗೆ ಹೇರಿಕೊಂಡು ಮಾರಲು ಗಂಗಾವತಿಗೆ ಹೋಗಿದ್ದ; ತಿರುಗಿ ಬರಲು ಹದಿನೈದು ದಿನವಾದರೂ ಬೇಕು. ಅತ್ತೆಯ ರಟ್ಟೆ ಹಿಡಿದು ಎಬ್ಬಿಸಲು ಬಗ್ಗಿದವಳನ್ನು ಗೋಡೆಯಾಚೆಯಿಂದ ಒಂದು ದನಿ ತಡೆಯಿತು.

"ಎಳಿಬ್ಯಾಡ! ಹಂಗ ಇರ್ಲಿ, ನಾ ಬಂದೆ."

ಪಕ್ಕದ ಮನೆಯ ನೂರಜಾನಬಿಯ ದನಿ ಅದು. ಆ ಓಣಿಯ ಮಕ್ಕಳಲ್ಲಿ ಹೆಚ್ಚಿನವರು ಆಕೆಯ ಕೈಮೇಲೆಯೇ ಹುಟ್ಟಿದವರು. ಬಂದವಳೇ ಮುದುಕಮ್ಮನ ಕಾಲ ಬಳಿ ಕೂತಳು.

"ಬೆರಳು ಆಡ್ಸು ನೋಡೋಣು."

ಬೆರಳು ಆಡಿದವು. ನೂರಜಾನಬಿ ಅಂಗಾಲನ್ನು ಚೂಟಿದಳು. "ಗೊತ್ತಾಗತೈತೇನು?"

"ಗೊತ್ತಾಗದ ಏನು, ಉಗುರು ಬೆಳ್ಸೀಯಲ್ಲ!"

"ಬೈತಾಳಂದ್ರ ಎಲುಬು ಗಟ್ಟಿ ಐತಿ," ಎಂದು ನೂರಜಾನಬಿ ನಕ್ಕಳು. ಆಮೇಲೆ ಇಬ್ಬರೂ ಸೇರಿ ಮುದುಕಮ್ಮನನ್ನು ಮೆಲ್ಲಗೆ ಹೊರಳಿಸಿ, ಎಬ್ಬಿಸಿ, ಪಡಸಾಲೆಯಲ್ಲಿ ಕೌದಿ ಹಾಸಿ ಮಗ್ಗುಲಾಗಿ ಮಲಗಿಸಿದರು. ಸೀರೆ ಸಡಿಲಿಸಿ ನೋಡಿದರೆ ಸೊಂಟದ ಮೇಲೆ ಅಂಗೈಯಗಲ ಊದಿಕೊಂಡು ಕೆಂಪೇರಿತ್ತು.

ಅಷ್ಟರಲ್ಲಿ ಎದುರುಮನೆಯ ಕನಕಮ್ಮ ಬಂದಳು. "ಕಾಲು ಮುಂದಾಗಿ ಹುಟ್ಟಿದವ್ರು ಊರಾಗ ಯಾರರ ಅದಾರೇನು? ಅಂಥವ್ರು ಸೊಂಟದ ಮ್ಯಾಲೆ ಕಾಲಿಟ್ಟು ತುಳಿದ್ರ ಎದ್ದು ಕುಂದರ್ತಾಳ ನೋಡ್ರಿ. ಓಬಳೆಪ್ಪಜ್ಜ ಇದ್ದ, ಪಾಪ, ಹ್ವಾದ ವರ್ಷ ತೀರಿಕೊಂಡ."

ಬಾವಿಗೆ ಇಡಲು ತಣ್ಣೀರ ಬಟ್ಟೆ ಹಿಂಡುತ್ತಿದ್ದ ಹುಲಿಗವ್ವನ ಕೈ ನಿಂತುಬಿಟ್ಟಿತು. ಆಕೆ ತಲೆ ಎತ್ತಲಿಲ್ಲ.

"ಈಗ ಯಾರೂ ತುಳಿಯೋದು ಬ್ಯಾಡ," ಎಂದಳು ನೂರಜಾನಬಿ. "ಒಳಗ ರಕ್ತ ಕಟ್ಟಾಕತ್ತೈತಿ. ತಿಕ್ಕಬ್ಯಾಡ, ಎಣ್ಣಿ ಹಚ್ಚಿ ನೀವಬ್ಯಾಡ. ಇವತ್ತು, ನಾಳಿ ತಣ್ಣೀರ ಬಟ್ಟಿ ಅಷ್ಟ. ಬಾವು ಇಳಿದ ಮ್ಯಾಲೆ ಉಪ್ಪಿನ ಶಾಖ. ಹುಲಿಗವ್ವಾ, ಅತ್ತಿ ಒಂದಕ್ಕ ಹ್ವಾದಾಗ ನೋಡಬೇಕು. ಕೆಂಪಗ ಬಂದ್ರ, ಇಲ್ಲಾ ಕಾಲು ಜೋಮು ಹಿಡಿದ್ರ ನನ್ನ ಕೂಗು. ಕೊಪ್ಪಳದ ದವಾಖಾನಿಗೆ ಒಯ್ಯಬೇಕಾಗತೈತಿ."

ಹಾಗೇನೂ ಆಗಲಿಲ್ಲ. ಆದರೆ ಮುದುಕಮ್ಮನಿಗೆ ಕೆಮ್ಮಿದರೂ ಜೀವ ಹೋದಂತಾಗುತ್ತಿತ್ತು. ಹುಲಿಗವ್ವ ಗಡಿಗೆಯ ನೀರಲ್ಲಿ ಬಟ್ಟೆ ಅದ್ದಿ ಇಡುವಳು, ಬೆಚ್ಚಗಾದ ಕೂಡಲೆ ತೆಗೆದು ಬೇರೆ ಇಡುವಳು. ಮೊಣಕಾಲುಗಳ ನಡುವೆ ಮಡಿಸಿದ ಕೌದಿ ತೂರಿಸಿದರೆ ಸೊಂಟಕ್ಕೆ ಹಗುರಾಗುತ್ತದೆಂದು ತಾನೇ ಕಂಡುಕೊಂಡಳು. ಸೊಸೆಯ ಮುಂದೆ ಬೆನ್ನು ಬಿಚ್ಚಿ ಮಲಗಲು ಮುದುಕಮ್ಮನಿಗೆ ಮೊದಮೊದಲು ಸಂಕೋಚವಾಗಿ, ಗೋಡೆಯ ಕಡೆ ಮುಖ ಮಾಡಿ ಸುಮ್ಮನೆ ಗೊಣಗುತ್ತಿದ್ದಳು. ಮೊದಲೇ ಮಾತು ಕಡಿಮೆಯ ಹೆಂಗಸು. ಗಂಡ ಸತ್ತ ಮೇಲೆ ಹೊಲ, ಮನೆ, ಮಗ ಎಲ್ಲವನ್ನೂ ಒಬ್ಬಳೇ ನೋಡಿಕೊಂಡವಳು. ಯಾರಿಂದಲೂ ಸೇವೆ ಮಾಡಿಸಿಕೊಂಡ ರೂಢಿಯೇ ಇರಲಿಲ್ಲ.

ಕೆಂಪು ಹೋಗಿ ನೇರಳೆ ಹಣ್ಣಿನ ಬಣ್ಣ ಬಂತು. ಬಾವು ಇಳಿಯಿತು. ನೂರಜಾನಬಿ ಬಂದು ಬೆರಳಿನಿಂದ ಸುತ್ತಲೂ ಮುಟ್ಟಿ ನೋಡಿ, "ಇನ್ನ ಶಾಖ ಕೊಡು," ಎಂದು ಹೇಳಿ ಹೋದಳು.

ಅಂದು ಮಧ್ಯಾಹ್ನ ಹುಲಿಗವ್ವ ಹೆಂಚಿನ ಮೇಲೆ ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿದಳು. ತನ್ನ ಕೆನ್ನೆಗೆ ಇಟ್ಟುಕೊಂಡು ಬಿಸಿ ಹದವಾಗಿದೆಯೆಂದು ನೋಡಿ, ಅತ್ತೆಯ ಸೊಂಟಕ್ಕೆ ಒತ್ತಿದಳು.

"ಹಾ... ಛಲೋ ಅನಸ್ತೈತಿ," ಎಂದಳು ಮುದುಕಮ್ಮ. ಸ್ವಲ್ಪ ಹೊತ್ತಿನ ಮೇಲೆ, "ಆ ಓಬಳೆಪ್ಪಜ್ಜ ಇದ್ದಿದ್ರ ಇಷ್ಟ ದಿನ ಹಿಡೀತಿದ್ದಿಲ್ಲ. ಒಮ್ಮಿ ಕಾಲು ಮುಟ್ಟಿಸ್ತಿದ್ದ."

ಮುದುಕಮ್ಮನ ಬೆನ್ನ ಮೇಲೆ ಒಂದು ಹನಿ ಬಿತ್ತು.

"ಏನದು? ಅಳಾಕತ್ತೀಯೇನು?"

"ಅತ್ತಿ, ನಾನೂ ಹಂಗ ಹುಟ್ಟಾಕಿ."

"ಹೆಂಗ?"

"ಕಾಲು ಮುಂದಾಗಿ." ಆಮೇಲೆ ತಡೆಯದೆ ಹೇಳಿಬಿಟ್ಟಳು. "ನಮ್ಮವ್ವ ನನ್ನ ಹಡದಾಕಿ ಮರುದಿನ ಹೋಗಿಬಿಟ್ಲು. ಸಾಕಿದ ಚಿಗವ್ವ ಅಂತಿದ್ಲು, ನಿನ್ನ ಕಾಲ ನಿಮ್ಮವ್ವನ್ನ ತಿಂದ್ವು ಅಂತ. ಆದ್ರ ಊರಾಗ ಯಾರಿಗರ ಸೊಂಟ ಹಿಡಿದ್ರ ಆಕಿನ ನನ್ನ ಕರಕೊಂಡು ಹೋಗಿ ತುಳಿಸ್ತಿದ್ಲು. ಈ ಮನಿಗೆ ಬಂದ ಮ್ಯಾಲೆ ಯಾರಿಗೂ ಹೇಳಬಾರ್ದು ಅಂತ ಇದ್ದೆ. ನೀವು ನರಳೋದು ನೋಡಿನೂ ಸುಮ್ನ ಇದ್ದೆ, ಅತ್ತಿ."

ಮುದುಕಮ್ಮ ಗೋಡೆಯ ಕಡೆಗಿದ್ದ ಮುಖವನ್ನು ಈಚೆಗೆ ತಿರುಗಿಸಲು ಹೊರಟಳು. ನೋವಿಗೆ ಹಲ್ಲು ಕಚ್ಚಿ, ಒಂದು ಕೈಯೂರಿ, ಕಷ್ಟಪಟ್ಟು ತಿರುಗಿದಳು.

"ನಿಮ್ಮವ್ವನ ಹೆಸರೇನು?"

ಈ ಊರಿಗೆ ಬಂದಾಗಿನಿಂದ ಅದನ್ನು ಯಾರೂ ಕೇಳಿರಲಿಲ್ಲ.

"ಭೀಮಕ್ಕ."

"ಭೀಮಕ್ಕ ನಿನ್ನ ಮಾರಿ ನೋಡಿದ್ಲಂತೇನು?"

"ನೋಡಿದ್ಲಂತ. ರಾತ್ರಿಯೆಲ್ಲಾ ಎದಿಮ್ಯಾಲೆ ಹಾಕ್ಕೊಂಡಿದ್ಲಂತ."

"ಹಂಗಾರ ಆಕಿಗೆ ನಿನ್ನ ಕಾಲಿನ ಮ್ಯಾಲೆ ಸಿಟ್ಟಿರಲಿಲ್ಲ ಬಿಡು. ನಾನೂ ಹಡದೀನಿ, ನನಗ ಗೊತ್ತು." ಮುದುಕಮ್ಮ ಕೈ ಚಾಚಿ ಸೊಸೆಯ ಪಾದದ ಮೇಲಿಟ್ಟಳು. ಹುಲಿಗವ್ವ ಗಾಬರಿಯಿಂದ ಕಾಲು ಹಿಂದೆಳೆದುಕೊಂಡಳು. ಮುದುಕಮ್ಮ ಮತ್ತೆ ಹಿಡಿದಳು. "ಕೂಸಿಗೆ ಏನು ಗೊತ್ತಿರ್ತೈತಿ ಯವ್ವಾ? ಹಾದಿ ಸಿಕ್ಕ ಕಡಿ ಬರ್ತೈತಿ."

ಹುಲಿಗವ್ವ ಅತ್ತೆಯ ಮಗ್ಗುಲಲ್ಲೇ ತಲೆಯಿಟ್ಟು ಬಹಳ ಹೊತ್ತು ಅತ್ತಳು. ಉಪ್ಪಿನ ಗಂಟು ತಣ್ಣಗಾಯಿತು. ಇಬ್ಬರಿಗೂ ಅದರ ನೆನಪಾಗಲಿಲ್ಲ.

ಅಂದಿನಿಂದ ಮುದುಕಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಲಿಲ್ಲ. ಮಲಗೇ ಇದ್ದರೆ ಸೊಂಟ ಬಿಗಿದುಕೊಳ್ಳುತ್ತದೆಂದು ನೂರಜಾನಬಿ ಗದರಿದ ಮೇಲೆ, ಸೊಸೆಯ ಹೆಗಲು ಹಿಡಿದು ಅಂಗಳದಲ್ಲಿ ಅಡ್ಡಾಡುವಳು. ಅಡ್ಡಾಡುತ್ತ ಭೀಮಕ್ಕನ ಬಗ್ಗೆ ಕೇಳುವಳು: ಯಾವ ಊರಿನವಳು, ಯಾವ ಹಾಡು ಹೇಳುತ್ತಿದ್ದಳಂತೆ. ಗೊತ್ತಿದ್ದಷ್ಟನ್ನು ಹುಲಿಗವ್ವ ಹೇಳುವಳು. ಗೊತ್ತಿದ್ದದ್ದು ಸ್ವಲ್ಪವೇ.

ನೇರಳೆ ಬಣ್ಣ ಹಸಿರಾಗಿ, ಹಸಿರು ಹಳದಿಯಾಗಿ ಮಾಸತೊಡಗಿದಾಗ ಮುದುಕಮ್ಮನೇ ಒಂದು ಮುಂಜಾನೆ ಕೌದಿಯ ಮೇಲೆ ಬೋರಲಾದಳು.

"ಬಾ, ಈಗ ಕಾಲು ಮುಟ್ಟಿಸು."

"ಬ್ಯಾಡ್ರಿ ಅತ್ತಿ. ಹಿರೇರಿಗೆ ಕಾಲು..."

"ತುಳಿ ಅಂದ್ನೇನು? ಮುಟ್ಟಿಸು ಅಂದೆ. ನಿನಗ ಮನಸಿದ್ರ ಅಷ್ಟ."

ಹುಲಿಗವ್ವ ಕಾಲು ತೊಳೆದುಕೊಂಡು ಬಂದಳು. ಕಂಬ ಹಿಡಿದು ನಿಂತು, ಮೈಭಾರ ಬಿಡದೆ, ಪೆಟ್ಟಾದ ಜಾಗದ ಪಕ್ಕದಲ್ಲಿ ಅಂಗಾಲನ್ನು ಇಟ್ಟಳು. ಚಿಗವ್ವ ಕರೆದೊಯ್ಯುತ್ತಿದ್ದಾಗ ಕಣ್ಣು ಮುಚ್ಚಿಕೊಂಡೇ ತುಳಿಯುತ್ತಿದ್ದಳು. ಇಂದು ಅತ್ತೆಯ ಬೆನ್ನು ಉಸಿರಿಗೆ ಏರಿಳಿಯುವುದನ್ನು ನೋಡುತ್ತ ನಿಂತಳು.

ಅದೇ ಹೊತ್ತಿಗೆ ಗಂಗಾವತಿಯಿಂದ ಗಾಡಿ ಬಂತು. ಬಾರುಕೋಲು ಹಿಡಿದು ಒಳಗೆ ಕಾಲಿಟ್ಟ ಗ್ಯಾನಪ್ಪ ಬಾಗಿಲಲ್ಲೇ ನಿಂತು ಕೂಗಿದ. "ಏ ಹುಲಿಗವ್ವಾ! ಏನ ಮಾಡಾಕತ್ತಿ? ನಮ್ಮವ್ವನ ಮ್ಯಾಲೆ..."

"ಒದರಬ್ಯಾಡೋ," ಎಂದಳು ಮುದುಕಮ್ಮ, ತಲೆ ಎತ್ತದೆ. "ಬಿದ್ದಿದ್ದೆ, ಈಗ ಆರಾಮ ಆಗೇತಿ. ಎತ್ತು ಬಿಚ್ಚಿ, ಎಮ್ಮಿಗೆ ಕಣಿಕಿ ಹಾಕು. ಇನ್ನ ಮ್ಯಾಲೆ ಆ ಕೆಲಸ ನಿಂದ."

ಗ್ಯಾನಪ್ಪನಿಗೆ ಏನೂ ತಿಳಿಯಲಿಲ್ಲ. ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಇಬ್ಬರಿಗೂ ನಗು ತಡೆಯಲಾಗುತ್ತಿರಲಿಲ್ಲ. ನಕ್ಕಾಗ ಮುದುಕಮ್ಮನಿಗೆ ಸೊಂಟ ಇನ್ನೂ ಚುರುಕ್ ಎನ್ನುತ್ತಿತ್ತು. "ಯವ್ವಾ, ನಗಸಬ್ಯಾಡ್ರೋ," ಎನ್ನುತ್ತಲೇ ಆಕೆ ಇನ್ನಷ್ಟು ನಕ್ಕಳು.