ಅಂಗೈ ಮರೆಯ ನಗು

ಇನಾಯತ ನಗುವಾಗ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾನೆ. ಹಲ್ಲು ಹುಳುಕೆಂದಲ್ಲ, ಮುತ್ತಿನಂಥ ಹಲ್ಲುಗಳೇ. ಆದರೆ ತನಗೆ ಸಂತೋಷವಾದದ್ದು ನಾಲ್ಕು ಜನಕ್ಕೆ ಕಾಣಬಾರದೆಂಬ ವಿಚಿತ್ರ ಸಂಕೋಚವೊಂದು ಅವನ ಜನ್ಮಕ್ಕೇ ಅಂಟಿಕೊಂಡಿದೆ. ಬೆಟಗೇರಿಯಲ್ಲಿ ನಮ್ಮ ಮಗ್ಗದ ಮನೆಯ ಗೋಡೆಗೆ ಹತ್ತಿದ ಮನೆಯವನಾದ್ದರಿಂದ ಇದನ್ನು ನಾನು ಚಿಕ್ಕಂದಿನಿಂದ ನೋಡುತ್ತ ಬಂದಿದ್ದೇನೆ. ನಡೆಯುವುದೂ ಹಾಗೆಯೇ, ಗೋಡೆ ಸವರಿಕೊಂಡು, ದಾರಿಯ ನಡುಭಾಗ ಬೇರೆ ಯಾರಿಗೋ ಮೀಸಲೆಂಬಂತೆ.

ಬಸ್ ನಿಲ್ದಾಣದಲ್ಲಿ ಅವನು ಕಂಟ್ರೋಲರ್ ಆಗಿದ್ದ. "ಶಿರಹಟ್ಟಿ, ಬೆಳ್ಳಟ್ಟಿ, ಮುಂಡರಗಿ" ಎಂದು ಮೈಕಿನಲ್ಲಿ ಕೂಗಿ ಮಂದಿಯನ್ನೆಲ್ಲ ಅವರವರ ಊರಿಗೆ ಕಳಿಸಿ, ತಾನು ಖಾಕಿ ಕೋಟಿನ ಕಿಸೆಯಲ್ಲಿ ಕೈ ತೂರಿಸಿಕೊಂಡು ಮನೆಗೆ ಬರುತ್ತಿದ್ದ. ಹೆಂಡತಿ ತೀರಿಕೊಂಡು, ಮಗಳು ಅಸ್ಮಾಳನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟ ಮೇಲೆ, ನಿವೃತ್ತಿಗೆ ಇನ್ನೂ ವರ್ಷಗಳಿರುವಾಗಲೇ ನೌಕರಿ ಬಿಟ್ಟ. ಮೋಟರ್ ಸೈಕಲ್ಲಿನ ಮೇಲೆ ಬಂಡೀಪುರ, ನಾಗರಹೊಳೆಯಿಂದ ಹಿಡಿದು ತಾಡೋಬಾ, ಕಾನ್ಹಾವರೆಗೆ ರಾಷ್ಟ್ರೀಯ ಉದ್ಯಾನಗಳನ್ನೆಲ್ಲ ಸುತ್ತಬೇಕೆಂಬ ಹುಚ್ಚು. ಇದನ್ನು ನನಗೊಬ್ಬನಿಗೆ ಹೇಳಿದ, ಬಾಗಿಲು ಮುಚ್ಚಿಕೊಂಡು.

"ಯಾರ ಮುಂದೂ ಅನಬ್ಯಾಡ ಪ್ರಲ್ಹಾದ. ನೌಕರಿ ಬಿಟ್ಟು ಆನಿ ನೋಡಾಕ ಹೊಂಟಾನ ಅಂದ್ರ ಮಂದಿ ಏನಂದಾರು?"

ದೂರದ ದಾರಿ, ಕಾಡಿನ ದಾರಿ. ಹೇಗೋ ಏನೋ ಎಂದು, ದೀಪಾವಳಿ ಮುಗಿದ ಮೇಲೆ ಹೊರಡುವ ಮುನ್ನ ಮನೆಮನೆಗೆ ಹೋಗಿ, "ಅಂದದ್ದು ಆಡಿದ್ದು ಮಾಫ ಮಾಡ್ರಿ" ಎಂದು ಕೈ ಜೋಡಿಸಿದ. ಅಲ್ಲೇ ಎಡವಟ್ಟಾಯಿತು. ನಮ್ಮ ಓಣಿಯಲ್ಲಿ ಈ ಮಾತನ್ನು ಹೀಗೆ ಬಾಗಿಲಿಗೆ ಬಂದು ಹೇಳುವವರು ಹಜ್ಜಿಗೋ ಉಮ್ರಾಕ್ಕೋ ಹೊರಟವರು ಮಾತ್ರ. ಸಂಜೆಯೊಳಗೆ ಅವನು ಮಕ್ಕಾದ ಯಾತ್ರಿಕನಾಗಿಬಿಟ್ಟಿದ್ದ. ಕೊನೆಯ ಮನೆಯ ಮೋತಿಬಿ, ಮೊಣಕಾಲು ಸೋತು ಹೊಸ್ತಿಲು ದಾಟಲಾರದ ಮುದುಕಿ, ಅವನ ಎರಡೂ ಕೈ ಹಿಡಿದುಕೊಂಡಳು.

"ಅಲ್ಲಿಗೆ ಹೋಗೂದು ನನ್ನ ನಸೀಬದಾಗ ಬರದಿಲ್ಲಪಾ. ನೀನರ ನನ್ನ ಹೆಸರು ಹಿಡಿದು ದುಆ ಮಾಡು."

ಆಗಲೇ ಅವನು ನಿಜ ಹೇಳಬಹುದಿತ್ತು. ಆದರೆ "ಆತ್ರಿ ಖಾಲಾ" ಎಂದವನೇ ಲಕ್ಷ್ಮೇಶ್ವರದ ಬಸ್ಸು ಹತ್ತಿದ. ಮೋಟರ್ ಸೈಕಲ್ಲನ್ನು ಮೊದಲೇ ಮಗಳ ಮನೆಯಲ್ಲಿ ಬಿಟ್ಟು ಬಂದಿದ್ದ.

ಅವನು ಬರುವುದು ತಡವಾದಷ್ಟೂ ಓಣಿಯವರು ಅವನ ಯಾತ್ರೆಯನ್ನು ಲಂಬಿಸುತ್ತ ಹೋದರು. ಮಕ್ಕಾ ಮದೀನಾ ಮುಗಿಸಿ ಬಗದಾದಿಗೂ ಮುಟ್ಟಿಸಿದರು. ಮಾತು ಕೊಟ್ಟಿದ್ದ ನಾನು ಬಾಯಿಗೆ ಬೀಗ ಹಾಕಿಕೊಂಡು ಕುಳಿತೆ. ಸಂಕ್ರಾಂತಿಯ ಹೊತ್ತಿಗೆ, ಬಿಸಿಲಿಗೆ ಕಪ್ಪಾಗಿ, ಅದೇ ಖಾಕಿ ಕೋಟಿನಲ್ಲಿ ಅವನು ಬಂದಾಗ, ಬಸ್ ನಿಲ್ದಾಣದಿಂದ ಸುದ್ದಿ ಮೊದಲೇ ಮುಟ್ಟಿ, ಮಂದಿ ಹೂವಿನ ಹಾರ ಹಿಡಿದು ನಿಂತಿದ್ದರು. ಮೋತಿಬಿಯನ್ನು ಕುರ್ಚಿಯ ಸಮೇತ ಹೊತ್ತು ತಂದಿದ್ದರು. ಯಾತ್ರೆ ಮುಗಿಸಿ ಬಂದವರ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುವುದು ವಾಡಿಕೆ. ಆಕೆ ಅವನ ಕೈ ಎಳೆದುಕೊಂಡಾಗ ಅವನು ಕೆಂಡ ಮುಟ್ಟಿದವನಂತೆ ಕೊಸರಿಕೊಂಡ.

"ಬ್ಯಾಡ್ರಿ ಖಾಲಾ. ನಾ ಮಕ್ಕಾಕ್ಕ ಹೋಗಿಲ್ಲ. ನೌಕರಿ ಬಿಟ್ಟು ಕಾಡು ನೋಡಾಕ ಹೋಗಿದ್ದೆ."

ಹಾರ ಹಿಡಿದ ಕೈಗಳು ಕೆಳಗಿಳಿದವು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಮೋತಿಬಿ ಮಾತ್ರ ಅವನ ಮುಖವನ್ನೇ ನೋಡುತ್ತಿದ್ದಳು.

"ಕಾಡಿನಾಗ ಅಲ್ಲಾ ಇರೂದಿಲ್ಲೇನು? ಅಲ್ಲೆರ ನನ್ನ ಹೆಸರು ತಗೊಂಡ್ಯೋ ಇಲ್ಲೋ?"

ಹೌದೆಂದಿದ್ದರೆ ಮುಗಿಯುತ್ತಿತ್ತು.

"ಇಲ್ರಿ ಖಾಲಾ. ಒಮ್ಮೆನೂ ನೆನಪಾಗಲಿಲ್ಲ. ಅಷ್ಟು ಖುಷಿಲೆ ಇದ್ದೆ."

ಸುಳ್ಳು ಬಯಲಾದಾಗಲೂ ನೆಟ್ಟಗೆ ನಿಂತಿದ್ದವನು ಈ ಮಾತು ಆಡಿದ ಮೇಲೆ ಕುಗ್ಗಿಹೋದ. ಅವನ ನಾಚಿಕೆಯನ್ನು ನೋಡಲಾರದೆ ನಾನೇ ತಲೆ ತಗ್ಗಿಸಿದೆ. ಮುದುಕಿ ಕುರ್ಚಿಯಲ್ಲೇ ಮುಂದಕ್ಕೆ ಬಾಗಿದಳು.

"ಅಷ್ಟು ಚಂದಿತ್ತೇನು?"

ಅವನಿಗೆ ಯಾವ ಕಾಡು, ಯಾವ ಬೆಳಗು ನೆನಪಾಯಿತೋ, ಮುಖ ಅರಳುವಷ್ಟರಲ್ಲಿ ಅಂಗೈ ಬಾಯಿಗೆ ಹೋಯಿತು.

"ಕೈ ತಗಿ. ಹೇಳು," ಎಂದಳು ಮೋತಿಬಿ. ಅವನು ತೆಗೆಯಲಿಲ್ಲ.

ಇಂಥವರು ನಮ್ಮ ನಡುವೆ ಬಹಳ ಮಂದಿ. ದುಃಖ ಬಂದರೆ ಓಣಿಯ ನಡುವೆ ಕುಳಿತು ಅಳಬಲ್ಲರು. ಸುಖವನ್ನು ಮಾತ್ರ ಕದ್ದ ಮಾಲಿನಂತೆ ಬಚ್ಚಿಡುತ್ತಾರೆ. ಯಾರನ್ನೂ ನೆನೆಯದೆ ನಾಲ್ಕು ದಿನ ಹಾಯಾಗಿದ್ದುದಕ್ಕೂ ಮನೆಮನೆಗೆ ಹೋಗಿ ಮಾಫಿ ಕೇಳಬೇಕೆನ್ನುವ ಈ ಜನ, ಓಣಿಯೆಲ್ಲ ಮಾಫ ಮಾಡಿದರೂ, ತಮ್ಮನ್ನು ತಾವು ಮಾಫ ಮಾಡಿಕೊಳ್ಳುವುದಿಲ್ಲ.