ನಮಸ್ಕಾರ ಸುನಂದಾ–ಸುಭಾಷ್

ಸುಟ್ಟ ಕಾಗದದ ವಾಸನೆ, ಈ ತಿಂಗಳೆಲ್ಲ ಹೀಗೇ, ಟೋವಾ ಪಾಯೋ ಬಡಾವಣೆಯ ಈ ಹಳೇ ಫ್ಲ್ಯಾಟ್ ಬ್ಲಾಕಿನ ಕೆಳಗೆ ಚೀನೀ ಮನೆಯವರು ತಮ್ಮ ಸತ್ತವರಿಗೆಂದು ಕಾಗದ ಸುಡುತ್ತಾರೆ, ಅನ್ನ, ಕಿತ್ತಳೆ, ಟೀ ಇಡುತ್ತಾರೆ, ಬಂದು ಉಂಡು ಹೋಗಲಿ ಎಂದು, ಬೂದಿ ನನ್ನ ಸೀರೆಯ ಮೇಲೂ ಕೂತಿದೆ, ಒರೆಸಿದಷ್ಟೂ ಹರಡುತ್ತದೆ — ಹಾಳಾಗಲಿ, ಸುನಂದಾ ಬಾಗಿಲು ತೆಗೆದರೆ ಸಾಕು, ಮುಖದ ಮೇಲೆ ಹಾಕಿಕೊಳ್ಳದಿದ್ದರೆ ಸಾಕು. ಬರಿಗೈಯಲ್ಲಿ ಬಂದಿದ್ದೇನೆ, ಇಂಥದ್ದಕ್ಕೆ ಏನು ತರುತ್ತಾರೆ? ಲಿಫ್ಟ್ ಅವಳ ಮಹಡಿಯಲ್ಲಿ ನಿಲ್ಲುವುದಿಲ್ಲ, ಮೇಲೆ ಹೋಗಿ ಮೆಟ್ಟಿಲು ಇಳಿಯಬೇಕು, ಅವಳ ಗಂಡ ಸುಭಾಷ್ ಇದ್ದಾಗ ಲಿಫ್ಟಿನ ಬಾಗಿಲಿಗೇ ಬಂದು ನಿಲ್ಲುತ್ತಿದ್ದರು, ಬನ್ನಿ ಎಡಿಟರಮ್ಮ, ಈ ವಾರ ಏನು ಹಾಟ್ ನ್ಯೂಸು — ಇದ್ದಾಗ, ಎಷ್ಟು ಸಲೀಸಾಗಿ ಬಂತು ಈ ಮಾತು ನನ್ನ ಬಾಯಿಗೆ, ಅವರು ಹೋಗಿ ನಾಲ್ಕು ತಿಂಗಳಾದರೂ ನನ್ನ ಕಂಪ್ಯೂಟರಿಗೆ ಗೊತ್ತಾಗಲಿಲ್ಲ, ಪ್ರತಿ ಶುಕ್ರವಾರ ಬೆಳಿಗ್ಗೆ ಅದು ನನ್ನ ಇಮೇಲ್ ಪತ್ರಿಕೆಯನ್ನು ಅವಳಿಗೆ ಕಳಿಸುತ್ತಲೇ ಇತ್ತು, ನಮಸ್ಕಾರ ಸುನಂದಾ–ಸುಭಾಷ್, ಈ ವಾರ ನುಗ್ಗೇಕಾಯಿ ಎಲ್ಲಿ ಸಿಗುತ್ತದೆ ಗೊತ್ತೇ? ಅಯ್ಯೋ ದೇವರೇ, ನುಗ್ಗೇಕಾಯಿ. ಚಿತಾಗಾರದಲ್ಲಿ ಅವಳ ಕೈ ಹಿಡಿದು ನಿಂತವಳು ನಾನು, ಅದೇ ವಾರ ಮನೆಗೆ ಬಂದು ಆ ಕೈಯಲ್ಲೇ ಸೆಂಡ್ ಒತ್ತಿದವಳೂ ನಾನೇ.

ಹೆಸರು ಹಿಡಿದು ಕರೆಯುವುದೇ ನನ್ನ ಬಂಡವಾಳವಾಗಿತ್ತು, ಮೈಸೂರಿನಲ್ಲಿ ಅಮ್ಮ ಕುಂಕುಮದ ಭರಣಿ ಹಿಡಿದು ಮನೆಮನೆಗೆ ಹೋಗಿ ಒಬ್ಬೊಬ್ಬರನ್ನೂ ಹೆಸರು ಹೇಳಿ ಕರೆಯುತ್ತಿದ್ದಳು, ಬರದೆ ಇರುತ್ತಿದ್ದವರು ಯಾರು? ನನ್ನ ಇಮೇಲ್ ಪತ್ರಿಕೆಯಲ್ಲೂ ಗಂಡ ಹೆಂಡತಿ ಇಬ್ಬರ ಹೆಸರೂ ಮೇಲೇ ಇರಬೇಕು ಎಂದು ಹಟ ಹಿಡಿದೆ, ಯಾರೂ ಡಿಲೀಟ್ ಮಾಡಲಿಲ್ಲ, ವಿಮಾನ ತುಂಬ ಎಂಜಿನಿಯರುಗಳು ಬಂದಿಳಿಯುತ್ತಿರುವ ಕಾಲ, ಸೆಂಗ್‌ಕಾಂಗ್, ವುಡ್‌ಲ್ಯಾಂಡ್ಸ್, ಊರಿನ ಎಲ್ಲ ಕಡೆಯಿಂದ ನಮ್ಮನ್ನೂ ಸೇರಿಸಿ ಎಂದರು, ಕಾಂಡೋ ಫ್ಲ್ಯಾಟು ಮಾರುವವರು ಜಾಹೀರಾತು ಹಿಡಿದುಕೊಂಡು ಬಂದರು, ನಾನು ಬ್ಯಾಂಕಿನ ಕೆಲಸ ಬಿಟ್ಟು ಬೀಗಿದೆ. ಮೊದಲು ಓದಿದವಳು ಸುನಂದಾ, ಯುಗಾದಿ ಗೆಟ್‌ಟುಗೆದರಿನಲ್ಲಿ ಬಾಗಿಲಲ್ಲೇ ನಿಂತು ಇಮೇಲ್ ಅಡ್ರೆಸ್ ಕೊಡದೆ ಹೋಳಿಗೆ ಇಲ್ಲ ಎಂದು ಎಲ್ಲರನ್ನೂ ಹೆದರಿಸಿದವಳು. ಮೊನ್ನೆ ನನ್ನ ಗಂಡ ಹಿಂದಿನಿಂದ ಬಗ್ಗಿ ನೋಡಿ, ಅಲಮೇಲು, ಇದೇನೇ, ಸುಭಾಷ್ ಹೆಸರು ಇನ್ನೂ ಇದ್ಯಲ್ಲ — ಕೂಡಲೇ ತೆಗೆದೆ, ಅಷ್ಟೊಂದು ಉದ್ದದ ಮನುಷ್ಯನನ್ನು ತೆಗೆಯುವುದಕ್ಕೆ ಅರೆಕ್ಷಣ ಹಿಡಿಯಲಿಲ್ಲ, ಇವತ್ತಿನ ಪತ್ರಿಕೆ ಸರಿಯಾಗಿ ಹೋಯಿತು, ನಮಸ್ಕಾರ ಸುನಂದಾ, ಸ್ವಲ್ಪ ಹೊತ್ತಿಗೇ ಅವಳು ಇನ್ನು ಕಳಿಸಬೇಡ ಎಂದು ಪತ್ರಿಕೆ ಬಿಟ್ಟ ಸೂಚನೆ ಬಂತು. ವಾರವಾರ ಯಾರೋ ಬಿಡುತ್ತಾರೆ, ನಾನು ಲೆಕ್ಕಕ್ಕಿಡುವುದಿಲ್ಲ, ಇವಳು ಬಿಟ್ಟಿದ್ದು ನೋಡಿ ಕೂತಲ್ಲೇ ಅತ್ತುಬಿಟ್ಟೆ, ಅವಳು ಫೋನ್ ಎತ್ತುತ್ತಿಲ್ಲ, ನಾಲ್ಕು ತಿಂಗಳ ಸಿಟ್ಟು ಎಲ್ಲಿ ಹೋಗುತ್ತದೆ, ಬೈಯಲಿ, ಹೊಡೆಯಲಿ, ನನ್ನನ್ನು ಮಾತ್ರ ಬಿಡದಿರಲಿ.

ಬೆಲ್ ಒತ್ತಿದ್ದೇನೆ, ಬಾಗಿಲು ತೆಗೆದಿದ್ದಾಳೆ, ಬಾ ಅಲಮೇಲು ಎನ್ನುತ್ತಾಳೆ, ಸಿಟ್ಟೇ ಇಲ್ಲ ಮುಖದಲ್ಲಿ, ತಪ್ಪಾಯ್ತು ಕಣೆ, ಇಷ್ಟು ದಿನ ಅವರ ಹೆಸರು ಹಾಗೇ ಹಾಕಿ ನಿನ್ನ ಹೊಟ್ಟೆ ಉರಿಸ್ಬಿಟ್ಟೆ — ಅವಳು ತಲೆಯಾಡಿಸುತ್ತಾಳೆ, ಅದಲ್ಲ ಕಣೆ, ಎಲ್ಲಾ ಕಡೆ ನಾನೇ ತೆಗೆಸಿದೀನಿ, ಬ್ಯಾಂಕ್ ಅಕೌಂಟು, ಫೋನ್ ಬಿಲ್ಲು, ಫ್ಲ್ಯಾಟ್ ಪೇಪರ್ಸು, ಕ್ಯೂನಲ್ಲಿ ನಿಂತು ಡೆತ್ ಸರ್ಟಿಫಿಕೇಟ್ ತೋರಿಸಿ ತೋರಿಸಿ, ನಿನ್ ಮೇಲ್ ಒಂದ್ರಲ್ಲೇ ಇದ್ರು, ಶುಕ್ರವಾರ ಕಾಫಿ ಇಟ್ಕೊಂಡು ಜೋರಾಗಿ ಓದ್ತಿದ್ದೆ, ನೋಡ್ರೀ, ನಿಮ್ಮನ್ನೂ ಕರೆದಿದಾಳೆ ಅಂತ — ಈಗ್ಲೇ ಹೋಗಿ ವಾಪಸ್ ಸೇರಿಸ್ತೀನಿ ಸುನಂದಾ, ಎನ್ನುತ್ತೇನೆ, ಬೇಡ ಬಿಡು, ಇನ್ಮೇಲೆ ನೀನು ಬೇಕೂಂತ ಹಾಕಿರ್ತೀಯ, ನಂಗೆ ಗೊತ್ತಾಗ್ಬಿಡುತ್ತಲ್ಲ, ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡು ಒಳಗೆ ಹೋಗುತ್ತಾಳೆ, ಊಟದ ಮೇಜಿನ ಮೇಲೆ ಕಂಪ್ಯೂಟರ್ ತೆರೆದೇ ಇದೆ, ನಾನು ಕಳಿಸಿದ್ದೇ, ನಮಸ್ಕಾರ ಸುನಂದಾ, ಪಕ್ಕದಲ್ಲಿ ಬರೀ ಬಿಳಿ, ನಮಸ್ಕಾರ ಸುನಂದಾ, ಪಕ್ಕದಲ್ಲಿ ಬರೀ ಬಿಳಿ