ದಾರ ಕೊಟ್ಟು ಚಾಕು ತಂದವಳು

“ಕೊಟ್ಟೆ ಅಂದ್ರೇನಬೇ? ಕೈಗಡ ಕೊಟ್ಟೀಯೋ, ಪೂರ್ತಿ ಕೊಟ್ಟೇ ಬಿಟ್ಟೀಯೋ?”

ಅಕ್ಕಿ ಕೇರುತ್ತಿದ್ದ ಎರ್ರೆಮ್ಮ ಮೊರವನ್ನು ಹಾಗೇ ಮೊಣಕಾಲಿಗೆ ಆನಿಸಿಕೊಂಡು ನಾದಿನಿಯ ಮುಖ ನೋಡಿದಳು. ನಾದಿನಿ ತಿಪ್ಪೇರುದ್ರಮ್ಮ ಆಗಷ್ಟೇ ಪೋಸ್ಟಾಫೀಸಿನಿಂದ ಬಂದು, ಪಡಸಾಲೆಯ ಕಂಬಕ್ಕೆ ಒರಗಿ, ಕಾಲು ಚಾಚಿ ಕೂತಿದ್ದಳು.

“ಪೂರ್ತಿ ಕೊಟ್ಟೆ ಅತ್ತಿಗಿ. ರಿಂಗು, ಸೂಜಿ, ರೇಶ್ಮಿ ದಾರ, ಮಣಿ ಡಬ್ಬಿ, ಕ್ರೋಶಾ ಕಡ್ಡಿ, ಎಲ್ಲಾ. ಟ್ರಂಕಿನ ಸಮೇತ.”

“ಯಾರಿಗೆ?”

“ಹಗರಿಬೊಮ್ಮನಹಳ್ಳಿ ಮಾರೆಮ್ಮಗ.”

“ಬದಲಿಗೆ ಏನು ಕೊಟ್ಲು ಆಕಿ?”

“ಚಾಕು.”

“ಚಾಕು?”

“ಮೂರು.”

ಎರ್ರೆಮ್ಮ ಮೊರ ಕೆಳಗಿಟ್ಟಳು. ನಾಡಿದ್ದು ರವಿವಾರ ಅವಳ ಮಗಳು ಹಂಪಮ್ಮನನ್ನು ನೋಡಲು ಹರಪನಹಳ್ಳಿಯಿಂದ ಬೀಗರು ಬರುವವರಿದ್ದರು. ಆ ಮಾತು ಗೊತ್ತಾಗಿ ಹದಿನೈದು ದಿನವಾಗಿತ್ತು. ಹದಿನೈದು ದಿನದಿಂದ ಎರ್ರೆಮ್ಮ ಒಂದು ವಿಷಯದಲ್ಲಿ ಮಾತ್ರ ನಿಶ್ಚಿಂತೆಯಾಗಿದ್ದಳು: ಹುಡುಗಿಯ ಕೈಗೆಲಸ ತೋರಿಸುವುದಕ್ಕೆ ಮನೆಯಲ್ಲೇ ತಿಪ್ಪೇರುದ್ರಿ ಇದ್ದಾಳೆ.

ಕೊಟ್ಟೂರಿನಲ್ಲಿ ಆಗ, ಅಂದರೆ ಎಂಬತ್ತರ ಆಚೀಚೆ, ಹೆಣ್ಣು ನೋಡುವ ಶಾಸ್ತ್ರವೆಂದರೆ ಹೆಣ್ಣಿನ ಜೊತೆಗೆ ಹೆಣ್ಣಿನ ಕಸೂತಿಯನ್ನೂ ನೋಡುವುದು. ಮಣಿಯ ತೋರಣ, ದಿಂಬಿನ ಕವರು, ಹಂಸ ಹಾಕಿದ ಟೇಬಲ್ ಕ್ಲಾತು. ಟೇಬಲ್ ಇಲ್ಲದ ಮನೆಯಲ್ಲೂ ಟೇಬಲ್ ಕ್ಲಾತು ಇರಲೇಬೇಕು. ಹುಡುಗಿಯ ತಾಯಿ ಅದರ ಮೇಲೆ ಕೈಯಾಡಿಸುತ್ತಾ, “ಎಲ್ಲಾ ನಮ್ ಹುಡುಗೀದ ಕೈ ನೋಡ್ರಿ, ಯಾರೂ ಕಲಿಸಿಲ್ಲ” ಅನ್ನುವಳು. ಆ ಕೈ ಇಪ್ಪತ್ತು ವರ್ಷದಿಂದಲೂ ತಿಪ್ಪೇರುದ್ರಮ್ಮನದು. ಬೆಳಿಗ್ಗೆ ಟಪಾಲು ಚೀಲ ಬಿಚ್ಚಿ, ಮಧ್ಯಾಹ್ನ ಮನಿಯಾರ್ಡರ್ ಬರೆದು, ಸಂಜೆ ಕೂತು ಹಂಸ ಹಾಕುತ್ತಿದ್ದಳು. ಆಚೆ ಓಣಿಯ ಹುಡುಗಿಗೊಂದು, ಪೇಟೆಯ ಹುಡುಗಿಗೊಂದು. “ನಮ್ ತಿಪ್ಪಮ್ಮಗ ಅದೊಂದು ಹುಚ್ಚು” ಎಂದು ಊರು ಪ್ರೀತಿಯಿಂದಲೇ ಹೇಳುತ್ತಿತ್ತು. ಪ್ರೀತಿಯಿಂದಲೇ ಒಯ್ಯುತ್ತಿತ್ತು.

ಅವಳನ್ನೂ ಒಂದು ಕಾಲಕ್ಕೆ ಮೂರು ಸಲ ನೋಡಲು ಬಂದಿದ್ದರು. ಮೂರನೆಯ ಸಲ ಬಂದ ಮುದುಕಿ ಹಂಸವನ್ನು ತಿರುವಿ ಮುರುವಿ ನೋಡಿ, “ಇಷ್ಟು ಚೆಂದ ಮನ್ಯಾಗ ಹಾಕಾಕ ಆಕ್ಕತೇನು? ಹುಬ್ಬಳ್ಳ್ಯಾಗ ಕೊಂಡು ತಂದಾರ” ಎಂದು ಎದ್ದು ಹೋದಳು. ಊರಿನ ಹುಡುಗಿಯರೆಲ್ಲ ತಮ್ಮದೆಂದು ತೋರಿಸಿದಾಗ ಎಲ್ಲರೂ ನಂಬಿದ ಕೈಗೆಲಸವನ್ನು, ಅವಳು ತನ್ನದೆಂದಾಗ ಮಾತ್ರ ಒಬ್ಬರೂ ನಂಬಲಿಲ್ಲ. ಆಮೇಲೆ ಯಾರೂ ಬರಲಿಲ್ಲ, ಅವಳೂ ಕಾಯಲಿಲ್ಲ.

ಮಾರೆಮ್ಮ ಸಿಕ್ಕದ್ದು ಹೀಗೆ. ಗಂಡ ಸುಂಕಪ್ಪ ಡ್ಯಾಮಿನ ಸ್ಟೋರಿನಲ್ಲಿದ್ದವನು, ತೀರಿಕೊಂಡಿದ್ದ. ಪಿಂಚಣಿ ಕಾಗದ ರಿಜಿಸ್ಟರ್ ಮಾಡಿಸಲು ಅವಳು ಕೊಟ್ಟೂರಿನ ತಂಗಿಯ ಮನೆಯಿಂದ ಪೋಸ್ಟಾಫೀಸಿಗೆ ಬಂದಳು. ತಿಪ್ಪೇರುದ್ರಮ್ಮ ಜಂಗು ಹಿಡಿದ ಬ್ಲೇಡಿನಿಂದ ಟಪಾಲು ಚೀಲದ ಹುರಿ ಕೊಯ್ಯಲು ಒದ್ದಾಡುತ್ತಿದ್ದಳು. ಮಾರೆಮ್ಮ ನೋಡಿ ನೋಡಿ ತಾಳಲಾರದೆ, “ಇದರಾಗ ಕೊಯ್ರಿ” ಎಂದು ಕೈಚೀಲದಿಂದ ಮಡಚುವ ಚಾಕೊಂದನ್ನು ತೆಗೆದು ಕೌಂಟರಿನ ಮೇಲಿಟ್ಟಳು.

ಜಿಂಕೆ ಕೊಂಬಿನ ಹಿಡಿ. ಅಲಗಿನ ಮೇಲೆ ಸಣ್ಣಕ್ಷರದಲ್ಲಿ ಜರ್ಮನಿಯ ಸೋಲಿಂಗೆನ್ ಎಂಬ ಊರಿನ ಹೆಸರು. ಬಿಚ್ಚಿದರೆ ಟಕ್. ಮಡಚಿದರೆ ಇನ್ನೊಂದು ಟಕ್, ಮೊದಲಿನದಕ್ಕಿಂತ ಮೆತ್ತಗೆ. ಹುರಿ ಕೊಯ್ದದ್ದು ಗೊತ್ತೇ ಆಗಲಿಲ್ಲ. ಅಲಗು ಮುಟ್ಟಿತು, ಹುರಿ ಬಿಟ್ಟುಕೊಂಡಿತು. ತಿಪ್ಪೇರುದ್ರಮ್ಮ ಕಾಗದದ ಕೆಲಸ ಮರೆತು ನಾಲ್ಕು ಸಲ ಬಿಚ್ಚಿ ಮಡಚಿದಳು. ಹಿಂದೆ ಸಾಲಿನಲ್ಲಿ ನಿಂತವರು, “ಅಮ್ಮಾರ, ಸ್ಟಾಂಪು ಕೊಡ್ರಿ” ಅಂದರು.

ಮುಂದಿನ ರವಿವಾರ ಅವಳೇ ಬಸ್ಸು ಹತ್ತಿ ಹಗರಿಬೊಮ್ಮನಹಳ್ಳಿಗೆ ಹೋದಳು. ಮಾರೆಮ್ಮ ಗಂಡನ ಪೆಟ್ಟಿಗೆ ತೆಗೆದು ತೋರಿಸಿದಳು. ಮಖಮಲ್ಲಿನ ಮೇಲೆ ಇನ್ನೆರಡು ಮಲಗಿದ್ದವು. ಒಂದಕ್ಕೆ ಮುತ್ತಿನ ಚಿಪ್ಪಿನ ಹಿಡಿ, ಮೂರು ಅಲಗು, ಇಂಗ್ಲೆಂಡಿನ ಶೆಫೀಲ್ಡಿನದು. ಡ್ಯಾಮಿನ ಕೆಲಸ ಮುಗಿಸಿ ಊರಿಗೆ ಹೊರಟ ದೊರೆಯೊಬ್ಬ ಸುಂಕಪ್ಪನಿಗೆ ಕೊಟ್ಟದ್ದಂತೆ. ಇನ್ನೊಂದು ಬೆರಳಿನಷ್ಟೇ ಇತ್ತು, ಕರಿಮರದ ಹಿಡಿಯ ಮೇಲೆ ಹಿತ್ತಾಳೆಯ ಚುಕ್ಕಿ.

“ನಮ್ಮವರು ಹೆಂಡ್ತಿಗಿಂತ ಹೆಚ್ಚು ಇವನ್ನ ಒರಸ್ತಿದ್ರು” ಎಂದು ಮಾರೆಮ್ಮ ನಕ್ಕಳು. “ನನಗ ಮುಟ್ಟಾಕ ಹೆದರಿಕಿ, ಮಾರಾಕ ಮನಸ್ಸಿಲ್ಲ. ಹಗಲೆಲ್ಲಾ ಕುಂತು ಗ್ವಾಡಿ ನೋಡ್ತೀನವ್ವ. ಏನರ ಕೈಯಾಗ ಕೆಲಸ ಇದ್ದಿದ್ರ...”

“ನನಗ ಕೈಯಾಗ ಕೆಲಸ ಹೆಚ್ಚಾಗೈತಿ” ಅಂದಳು ತಿಪ್ಪೇರುದ್ರಮ್ಮ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟೇ ಮಾತು. ಅದರ ಮುಂದಿನ ರವಿವಾರ ಟ್ರಂಕು ಬಸ್ಸಿನ ಮೇಲೇರಿತು, ಬರುವಾಗ ಪೆಟ್ಟಿಗೆ ಅವಳ ಮಡಿಲಲ್ಲಿ ಕೂತು ಬಂತು. ಹೂವಿನಹಡಗಲಿಯಲ್ಲೊಬ್ಬ ಲಾರಿ ಡ್ರೈವರನ ಬಳಿ ಸ್ವೀಡನ್ ದೇಶದ್ದೊಂದು ಇದೆಯಂತೆ ಎಂದು ಬಸ್ಸಿನಲ್ಲೇ ಯಾರೋ ಹೇಳಿದ್ದರು. ಅವನ ವಿಳಾಸವನ್ನೂ ಬರೆದುಕೊಂಡಿದ್ದಳು.

ಸಂಜೆ ಅಣ್ಣ ಗಾಳೆಪ್ಪ ಸೊಸೈಟಿಯಿಂದ ಬಂದ. ಅವನಿಗೆ ಚಪ್ಪಲಿ ಬಿಡುವುದಕ್ಕೂ ಎರ್ರೆಮ್ಮ ಬಿಡಲಿಲ್ಲ. ಎಲ್ಲ ಕೇಳಿ, ಪೆಟ್ಟಿಗೆಯ ಮುಚ್ಚಳ ಒಂದು ಬೆರಳಿನಿಂದ ಎತ್ತಿ, ಹಾವು ಕಂಡವನಂತೆ ಬಿಟ್ಟ.

“ರಾಮಪುರಿ!”

“ರಾಮಪುರಿ ಅಲ್ಲ ಅಣ್ಣ. ಇದು ಜರ್ಮನಿದು, ಅದು...”

“ಎಲ್ಲೀದಾರ ಆಗ್ಲಿ. ಮಡಚೋ ಚಾಕು ಅಂದ್ರ ರಾಮಪುರಿನೇ. ರೌಡಿಗಳು ಇಟ್ಕಣಾದು. ಮನ್ಯಾಗ ಹೆಣ್ಮಗಳು ಚೂರಿ ಕೂಡಿ ಹಾಕ್ಯಾಳ ಅಂದ್ರ ಯಾರು ಕೊಡ್ತಾರ, ಯಾರು ತಗತಾರ?”

“ಚೂರಿ ಅಲ್ಲ, ಚಾಕು.”

“ತಿಪ್ಪಿ, ನನಗ ಪಾಠ ಹೇಳಬ್ಯಾಡ. ನಾಳೆ ಫಸ್ಟ್ ಬಸ್ಸಿಗೆ ಹೋಗು. ಇವನ್ನ ಆಕಿಗೆ ಕೊಟ್ಟು ಟ್ರಂಕ್ ತಗಂಡು ಬಾ.”

“ಹೋಗಂಗಿಲ್ಲ.”

ಗಾಳೆಪ್ಪನಿಗೆ ತಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಅನ್ನಿಸಿತು. ಈ ತಂಗಿ ಹುಟ್ಟಿದಾಗಿನಿಂದ ಅವನ ಮಾತಿಗೆ ‘ಹೂಂ’ ಅಂದವಳು, ಇಲ್ಲವೇ ದಾರ ಕಚ್ಚಿಕೊಂಡು ತಲೆಯಾಡಿಸಿದವಳು.

“ಹಂಪಿ ಲಗ್ನ ಮುರಿದ್ರ?”

“ನನ್ನ ಹಂಸದ ಮ್ಯಾಲೆ ನಿಂತ ಲಗ್ನ ಆದ್ರ ಮುರೀಲಿ. ಹಂಪಿಗೆ ಟೈಪು ಹೊಡಿಯಾಕ ಬರ್ತೈತಿ, ಅದನ್ನ ಹೇಳ್ರಿ. ಸುಳ್ಳಿಗೆ ನನ್ನ ಕೈ ಕೊಡಂಗಿಲ್ಲ ಅಣ್ಣ. ಸಾಕು.”

“ಹಂಗಾರ ರವಿವಾರ ಆ ಪೆಟ್ಟಿಗಿ ಹೊರಗ ಕಾಣಬಾರ್ದು. ನೀನೂ ಒಳಗ ಕುಂದ್ರು. ಬಾಯಿ ಬಿಚ್ಚಿದಿ ಅಂದ್ರ ನೋಡು.”

ಎರ್ರೆಮ್ಮ ಸುಮ್ಮನೆ ಕೂರುವವಳಲ್ಲ. ಶನಿವಾರ ಊರೆಲ್ಲ ಸುತ್ತಿ, ಹಿಂದಿನ ಓಣಿಯವರಿಂದ ಒಂದು ಟೇಬಲ್ ಕ್ಲಾತು ಕಡ ತಂದಳು. ಅದೂ ತಿಪ್ಪೇರುದ್ರಮ್ಮ ಹಾಕಿದ್ದೇ. ಎರಡು ಹಂಸ, ನಡುವೆ ತಾವರೆ. ಅದನ್ನು ಹಾಸಲು ಗಾಳೆಪ್ಪ ಸೊಸೈಟಿಯಿಂದ ಟೇಬಲ್ಲನ್ನೂ ತರಿಸಿದ. ಹಂಪಮ್ಮ ಅತ್ತೆಯ ಕೋಣೆಗೆ ಬಂದು ಬಾಗಿಲ ಬಳಿ ನಿಂತಳು.

“ಅತ್ತಿ, ಅವ್ವ ‘ನಾನೇ ಹಾಕಿದ್ದು ಅನ್ನು’ ಅಂತಾಳ.”

“ನೀನೇನು ಅಂತಿ?”

“ನನಗ ಗುಂಡಿ ಹಚ್ಚಾಕೂ ಬರಂಗಿಲ್ಲ.”

“ಅದು ನನಗ ಗೊತ್ತೈತಿ. ಏನು ಅಂತಿ ಅಂತ ಕೇಳಿದ್ದು.”

ಹಂಪಮ್ಮ ಜಡೆಯ ತುದಿ ತಿರುವುತ್ತಾ ಹೊರಟುಹೋದಳು.

ರವಿವಾರ ಹನ್ನೊಂದಕ್ಕೆ ಹರಪನಹಳ್ಳಿಯವರು ಬಂದರು. ಹುಡುಗನ ತಂದೆ ಚೌಡಣ್ಣ, ಮಾತು ಕಮ್ಮಿ, ಎಲೆ ಅಡಿಕೆ ಜಾಸ್ತಿ. ತಾಯಿ ಬೊಮ್ಮಮ್ಮ, ಕುಂಕುಮ ಕಾಸಿನಗಲ, ದನಿ ಅದಕ್ಕಿಂತ ಅಗಲ. ಹುಡುಗನಿಗೆ ರಜೆ ಸಿಕ್ಕಿರಲಿಲ್ಲವಂತೆ. ಉಪ್ಪಿಟ್ಟು ಆಯಿತು, ಚಹಾ ಆಯಿತು. ಹಂಪಮ್ಮ ತಲೆ ತಗ್ಗಿಸಿ ಜಮಖಾನದ ಮೇಲೆ ಕೂತಳು. ತಿಪ್ಪೇರುದ್ರಮ್ಮ ತನ್ನ ಕೋಣೆಯ ಬಾಗಿಲ ಸಂದಿನಲ್ಲಿ ನಿಂತಿದ್ದಳು.

“ಎಲ್ಲಾ ನಮ್ ಹುಡುಗೀದ ಕೈ ನೋಡ್ರಿ” ಎಂದು ಎರ್ರೆಮ್ಮ ಶುರು ಮಾಡಿದಳು. “ಯಾರೂ...”

“ಇರವ್ವ, ಇರು.” ಬೊಮ್ಮಮ್ಮ ಎದ್ದು ಬಂದು ಬಟ್ಟೆಯ ಮೂಲೆ ಹಿಡಿದೆತ್ತಿದಳು. ಹಂಸದ ರೆಕ್ಕೆಯ ಕೆಳಗೆ ಬೆರಳಿಟ್ಟಳು. “ರೀ, ಇಲ್ಲಿ ನೋಡ್ರಿ. ಈ ನೀಲಿ ಗಂಟು! ನಮ್ ದೊಡ್ಡ ಸೊಸಿದೂ ಹಿಂಗೇ ಐತೆ. ಇದೇ ಹಂಸ, ರೆಕ್ಕೆ ಕೆಳಗೆ ಇದೇ ಗಂಟು!”

ಚೌಡಣ್ಣ ಎಲೆ ಮೆಲ್ಲುತ್ತಲೇ ಕತ್ತು ಚಾಚಿದ.

“ಆಕೀನೂ ಈ ಊರೋಳೇ ಕಣವ್ವ” ಎಂದಳು ಬೊಮ್ಮಮ್ಮ. “ನಾವು ಹೆಣ್ಣು ನೋಡಾಕೆ ಬಂದಾಗ ಹಾಸಿ ಹಾಸಿ ತೋರ್ಸಿದ್ರು. ಮದ್ವಿ ಆಗಿ ಮೂರು ವರ್ಷ ಆತು. ಒಂದು ಕರವಸ್ತ್ರ ಹಾಕಿಕೊಡು ಅಂದ್ರೆ ಕಣ್ಣು ನೋಯ್ತವೆ ಅಂತಾಳೆ, ಬೆನ್ನು ನೋಯ್ತೈತೆ ಅಂತಾಳೆ. ಸೊಕ್ಕು ಅಂತ ನಾ ದಿನಾ ಬೈತೀನಿ.” ಆಮೇಲೆ ಹಂಪಮ್ಮನ ಕಡೆ ತಿರುಗಿದಳು. “ನೀ ಹೇಳವ್ವ. ನೀನೇ ಹಾಕಿದ್ದಾ? ಈ ಗಂಟು ಯಾಕೆ ಹಾಕ್ತೀರಿ?”

ಹಂಪಮ್ಮ ಜಡೆಯ ತುದಿ ಹಿಡಿದುಕೊಂಡಳು. ಎರ್ರೆಮ್ಮ ಹಿಂದಿನಿಂದ ತಿವಿದಳು. ಹಂಪಮ್ಮ ತಲೆಯೆತ್ತಿ ಕೋಣೆಯ ಬಾಗಿಲ ಕಡೆ ನೋಡಿದಳು.

“ಆ ಗಂಟು ನಂದ್ರಿ” ಎನ್ನುತ್ತಾ ತಿಪ್ಪೇರುದ್ರಮ್ಮ ಹೊರಗೆ ಬಂದಳು. “ಯಾರ ಹೆಸರಿಲೆ ಹೋದ್ರೂ ನನಗ ಗುರ್ತಿರಲಿ ಅಂತ ಹಾಕ್ತಿದ್ದೆ. ನಿಮ್ ದೊಡ್ಡ ಸೊಸಿದೂ ನಾನೇ ಹಾಕಿದ್ದು. ಆಕಿಗೆ ಬೈಬ್ಯಾಡ್ರಿ, ಆಕಿ ಎಂದೂ ಸೂಜಿ ಹಿಡಿದಾಕಿ ಅಲ್ಲ. ಈಕೀನೂ ಅಲ್ಲ.”

“ತಿಪ್ಪೀ!” ಗಾಳೆಪ್ಪ ಎದ್ದು ನಿಂತ. “ಬಾಯಿ ಮುಚ್ಚು!”

“ಇಪ್ಪತ್ತು ವರ್ಷ ಮುಚ್ಚೀನಿ ಅಣ್ಣ. ಹಲ್ಲಾಗ ದಾರ ಇತ್ತು, ಹೆಂಗ ತೆಗೀಲಿ? ಈಗ ದಾರ ಇಲ್ಲ.”

ಚೌಡಣ್ಣ ಎಲೆ ಅಗಿಯುವುದನ್ನು ನಿಲ್ಲಿಸಿದ.

“ಹಂಗಾರೆ ಈ ಹುಡುಗಿಗೆ ಏನು ಬರ್ತೈತೆ?” ಬೊಮ್ಮಮ್ಮನ ದನಿಯಲ್ಲಿ ಸಿಟ್ಟಿತ್ತು, ಆದರೆ ಅದು ಯಾರ ಮೇಲೆ ಅಂತ ಅವಳಿಗೇ ಇನ್ನೂ ಗೊತ್ತಾದಂತಿರಲಿಲ್ಲ.

“ಟೈಪ್ ಮಾಡಾಕ ಬರ್ತೈತ್ರಿ” ಎಂದಳು ಹಂಪಮ್ಮ, ತಾನೇ. “ಕನ್ನಡ, ಇಂಗ್ಲಿಷ್ ಎರಡೂ. ಹೊಲಿಗಿ ಬರಂಗಿಲ್ಲ. ಕಲಿಯಂಗೂ ಇಲ್ರಿ.”

ಎರ್ರೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಚೌಡಣ್ಣ ಮಾತ್ರ ಹೊಟ್ಟೆ ಕುಲುಕಿಸಿ ನಗುತ್ತಿದ್ದ. “ಮೂರು ವರ್ಷ ಬೈದ್ಯಲ್ಲೇ, ಪಾಪ ಆ ಹುಡುಗೀನ” ಎಂದ ಹೆಂಡತಿಗೆ.

“ನೀವು ಸುಮ್ನಿರ್ರಿ.” ಬೊಮ್ಮಮ್ಮ ತಿಪ್ಪೇರುದ್ರಮ್ಮನನ್ನು ಮೇಲಿಂದ ಕೆಳಗೆ ಅಳೆದಳು. “ಇಷ್ಟು ಚೆಂದ ಹಾಕಾಕಿ, ಈಗ ಯಾಕೆ ಬಿಟ್ಟೆ? ದಾರ ಇಲ್ಲ ಅಂದ್ರೆ?”

“ಕೊಟ್ಟುಬಿಟ್ಟೀನ್ರಿ. ಈಗ ಚಾಕು ಇಟ್ಕಂಡೀನಿ.”

“ಚಾಕಾ?”

ಗಾಳೆಪ್ಪ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ತಿಪ್ಪೇರುದ್ರಮ್ಮ ಕೋಣೆಗೆ ಹೋಗಿ ಪೆಟ್ಟಿಗೆ ತಂದಳು. ಸೊಸೈಟಿಯ ಟೇಬಲ್ಲಿನಿಂದ ಹಂಸದ ಬಟ್ಟೆಯನ್ನು ಎಳೆದು ಪಕ್ಕಕ್ಕಿಟ್ಟು, ಬರಿಯ ಹಲಗೆಯ ಮೇಲೆ ಮುಚ್ಚಳ ತೆರೆದಳು. ಮುತ್ತಿನ ಚಿಪ್ಪಿನದನ್ನು ತೆಗೆದು ಮೂರೂ ಅಲಗು ಒಂದೊಂದಾಗಿ ಬಿಚ್ಚಿದಳು. ಬಾಗಿಲಿಂದ ಬಂದ ಬಿಸಿಲು ಅಲಗಿಗೆ ತಾಗಿ ಚೌಡಣ್ಣನ ಮೀಸೆಯ ಮೇಲೆ ಕುಣಿಯಿತು.

“ಇದರಾಗೆ ಏನು ಕೊಯ್ತಿ? ಕಾಯಿಪಲ್ಲೆನಾ?”

“ಏನೂ ಕೊಯ್ಯಂಗಿಲ್ರಿ. ತೆಗೀತೀನಿ, ಒರಸ್ತೀನಿ, ಮಡಚ್ತೀನಿ.”

“ಮತ್ತೆ ಉಪಯೋಗ ಏನಂತ?”

“ಉಪಯೋಗದ್ದೆಲ್ಲಾ ಮಾಡಿ ಮಂದಿಗೆ ಕೊಟ್ಟಾತ್ರಿ. ಗಂಡಸ್ರು ಟಗರು ಸಾಕ್ತಾರ, ಪಾರಿವಾಳ ಸಾಕ್ತಾರ, ಯಾರಾದ್ರೂ ಉಪಯೋಗ ಕೇಳ್ತಾರೇನು? ಇದು ನನ್ನ ಶೋಕಿ. ಇದನ್ನ ಒಯ್ದು ಯಾರೂ ‘ನಮ್ ಹುಡುಗೀದ ಕೈ’ ಅನ್ನಾಕ ಆಗಂಗಿಲ್ಲ, ನೋಡ್ರಿ.”

ಬೊಮ್ಮಮ್ಮ ಬಗ್ಗಿ ನೋಡಿದಳು. ಚಿಪ್ಪಿನ ಹಿಡಿಯಲ್ಲಿ ಒಮ್ಮೆ ಗುಲಾಬಿ, ಒಮ್ಮೆ ಹಸಿರು ಬಣ್ಣ ಹೊರಳುತ್ತಿತ್ತು. “ಮುಟ್ಟಬಹುದೇನು?”

ತಿಪ್ಪೇರುದ್ರಮ್ಮ ಅಲಗು ಮಡಚಿ ಅಂಗೈಯ ಮೇಲಿಟ್ಟು ಮುಂದೆ ಹಿಡಿದಳು.

“ಅಯ್ಯೋ, ಕೆಳಗಿಡವ್ವ! ಚಾಕು ಕೈಯಿಂದ ಕೈಗೆ ಕೊಡಬಾರ್ದು, ಕೊಟ್ಟೋರಿಗೂ ತಗಂಡೋರಿಗೂ ಜಗಳ ಆಗ್ತಾವೆ. ನೆಲಕ್ಕಿಡು, ನಾ ತಗಂತೀನಿ.”

“ನೆಲಕ್ಕ ಇಡಂಗಿಲ್ಲ ಅಕ್ಕಾರ. ನನ್ನ ಕೈಯಾಗಿಂದ್ದು ಎಲ್ಲಾರೂ ನನ್ನ ಹೆಸರು ಕಾಣದಂಗೇ ತಗಂಡು ಹೋಗ್ಯಾರ. ಇದನ್ನ ನೋಡಬೇಕಂದ್ರ ನನ್ನ ಕೈಯಾಗಿಂದಲೇ ತಗಳ್ರಿ.”

“ಜಗಳ ಆದ್ರೆ?”

“ಆಗ್ಲಿ ಬಿಡ್ರಿ. ಬೀಗರಾದ್ರೂ ಆಗ್ತಾವ, ಆಗದಿದ್ರೂ ಆಗ್ತಾವ.”

ಬೊಮ್ಮಮ್ಮ ಗಂಡನ ಕಡೆ ನೋಡಿದಳು. ಚೌಡಣ್ಣ ಮಾಡಿನ ತೊಲೆ ನೋಡುತ್ತಿದ್ದ. ಹಂಪಮ್ಮ ಜಮಖಾನದ ಮೇಲೆ ಮೊಣಕಾಲೂರಿ ಎದ್ದಿದ್ದಳು. ತಿಪ್ಪೇರುದ್ರಮ್ಮನ ಕೈ ಚಾಚಿದಲ್ಲೇ ಇತ್ತು.

ಬೊಮ್ಮಮ್ಮ ಉಪ್ಪಿಟ್ಟಿನ ಜಿಡ್ಡು ಹೋಗುವಂತೆ ಬಲಗೈಯನ್ನು ಸೆರಗಿಗೆ ಎರಡು ಸಲ ಒರೆಸಿಕೊಂಡು, ಬಳೆ ಹಿಂದಕ್ಕೆ ಸರಿಸಿ, ಆ ಅಂಗೈಯ ಮೇಲಿಂದ ಚಾಕನ್ನು ಎತ್ತಿಕೊಂಡಳು.